ಮೂರು ಸಲ ಚಾಂಪಿಯನ್ ಆದ ಇಮ್ಯಾಕ್ಯುಲೇಟಾ ಆಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಅಂದ್ರೆ ನನಗೆ ಗೊತ್ತಿರುವುದು ಕನೆಕ್ಟಿಕಟ್, ಟೆನೆಸೀ ಥರದ ದೊಡ್ಡ ಯೂನಿವರ್ಸಿಟಿಗಳು. ಆದರೆ ಮೊದಲ ಮೂರು ಚಾಂಪಿಯನ್‌ಷಿಪ್ ಗೆದ್ದದ್ದು ಇಮ್ಯಾಕ್ಯುಲೇಟಾ ಅನ್ನುವ ಪುಟ್ಟ ಕ್ಯಾಥೊಲಿಕ್ ಕಾಲೇಜು ಅಂತ ಇತ್ತೀಚೆಗೆ ಓದಿದೆ. ಸಾವಿರ ವಿದ್ಯಾರ್ಥಿನಿಯರೂ ಇಲ್ಲದ ಕಾಲೇಜು ಗೆದ್ದದ್ದು ಹೇಗೆ? ಈಗ ಯಾಕೆ ಅದರ ಹೆಸರೇ ಕೇಳಿಬರುವುದಿಲ್ಲ? ಸಿಸ್ಟರ್‌ಗಳು ಗ್ಯಾಲರಿಯಲ್ಲಿ ಕೂತು ಬಕೆಟ್ ಬಡಿಯುತ್ತಿದ್ದರು ಅನ್ನುವುದು ನಿಜವಾ, ಯಾರೋ ಕಟ್ಟಿದ ಕಥೆಯಾ?

ಉತ್ತರ: ನೀವು ಓದಿದ್ದು ಸರಿ. ಒಂದು ಸಣ್ಣ ತಿದ್ದುಪಡಿ ಮಾತ್ರ ಬೇಕು. 1969ರಿಂದ 1971ರವರೆಗೂ ರಾಷ್ಟ್ರೀಯ ಟೂರ್ನಿ ನಡೆದಿತ್ತು. ಅದು ಆಹ್ವಾನ ಬಂದವರು ಮಾತ್ರ ಆಡುವ ಟೂರ್ನಿ. ಮಹಿಳಾ ಕಾಲೇಜು ಕ್ರೀಡೆಗಳಿಗೆ ಎಐಎಡಬ್ಲ್ಯೂ ಎಂಬ ಸಂಘ 1971ರಲ್ಲಿ ಹುಟ್ಟಿತು. ಪ್ರಾಂತ್ಯ ಮಟ್ಟದಲ್ಲಿ ಆಡಿ ಮೇಲೆ ಬರುವ ಪದ್ಧತಿಯ ಟೂರ್ನಿಯನ್ನು ಅದು 1972ರಲ್ಲಿ ನಡೆಸಿತು. ಆ ಟೂರ್ನಿಯ ಮೊದಲ ಮೂರು ಪ್ರಶಸ್ತಿ, ಅಂದ್ರೆ 1972, 1973, 1974ರದ್ದು, ಇಮ್ಯಾಕ್ಯುಲೇಟಾ ಪಾಲಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪವಾಡದ ಥರ ಹೇಳುತ್ತಾರೆ. ಬಡ ಕಾಲೇಜು, ಪ್ರಾರ್ಥನೆ ಮಾಡುವ ಸಿಸ್ಟರ್‌ಗಳು, ಕೊನೆಗೆ ಜಯ. ಕೇಳೋಕೆ ಚೆನ್ನಾಗಿದೆ. ಆದರೆ ಆಟ ಕಲಿಸುವ ಕೆಲಸದಲ್ಲಿರುವ ನನಗೆ ಅದು ಪವಾಡ ಅನ್ನಿಸುವುದಿಲ್ಲ. ಆ ಊರಲ್ಲಿ, ಆ ಐದಾರು ವರ್ಷಗಳಲ್ಲಿ, ಗೆಲ್ಲೋಕೆ ಬೇಕಾದದ್ದೆಲ್ಲ ಆ ಕಾಲೇಜಿನ ಹತ್ತಿರ ಇತ್ತು. ದುಡ್ಡು ಒಂದು ಇರಲಿಲ್ಲ. ಆಗ ದುಡ್ಡು ಯಾರ ಹತ್ತಿರವೂ ಇರಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಜಾಗ ನೋಡೋಣ. ಫಿಲಡೆಲ್ಫಿಯಾದ ಪಶ್ಚಿಮಕ್ಕೆ, ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿದೆ ಈ ಕಾಲೇಜು. ಇಮ್ಯಾಕ್ಯುಲೇಟ್ ಹಾರ್ಟ್ ಆಫ್ ಮೇರಿ ಪಂಗಡದ ಸಿಸ್ಟರ್‌ಗಳು ಹೆಣ್ಣುಮಕ್ಕಳಿಗಾಗಿ 1920ರಲ್ಲಿ ಶುರು ಮಾಡಿದ್ದು. ಇದೇ ಸಿಸ್ಟರ್‌ಗಳು ಫಿಲಡೆಲ್ಫಿಯಾ ಸುತ್ತಲಿನ ಚರ್ಚ್ ಶಾಲೆಗಳಲ್ಲೂ ಪಾಠ ಮಾಡುತ್ತಿದ್ದರು. ಆ ಕಡೆ ಚರ್ಚಿಗೊಂದು ಶಾಲೆ, ಶಾಲೆಗೊಂದು ಬಾಸ್ಕೆಟ್‌ಬಾಲ್ ತಂಡ. ಕ್ಯಾಥೊಲಿಕ್ ಯೂತ್ ಆರ್ಗನೈಸೇಷನ್ ಅಂದ್ರೆ ಸಿವೈಒ ಲೀಗುಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯರು ಸ್ಕೋರ್‌ಬೋರ್ಡ್ ಇಟ್ಟುಕೊಂಡು, ರೆಫರಿ ಮುಂದೆ, ಅಪ್ಪ ಅಮ್ಮ ಕೂಗಾಡುವ ಗಲಾಟೆಯಲ್ಲಿ ಆಡುತ್ತಿದ್ದರು. ಅಲ್ಲಿಂದ ಕಾರ್ಡಿನಲ್ ಒಹಾರಾ, ಆರ್ಚ್‌ಬಿಷಪ್ ಪ್ರೆಂಡರ್‌ಗಾಸ್ಟ್‌ನಂಥ ಕ್ಯಾಥೊಲಿಕ್ ಹೈಸ್ಕೂಲು. ಅಲ್ಲಿ ಇನ್ನೂ ನಾಲ್ಕು ವರ್ಷ ಪೈಪೋಟಿ.

ಅಮೆರಿಕದ ಬಹಳಷ್ಟು ಕಡೆ ಆಗ ಹುಡುಗಿಯರ ಆಟ ಅಂದ್ರೆ ಮಧ್ಯಾಹ್ನ ಒಂದಿಷ್ಟು ಕೈಕಾಲು ಆಡಿಸಿ, ಆಮೇಲೆ ಎದುರು ತಂಡದ ಜೊತೆ ಕೂತು ತಿಂಡಿ ತಿನ್ನುವುದು. ಗೆಲ್ಲಬೇಕು ಅಂತ ಹಟ ಮಾಡುವುದು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಅಂತ ದೈಹಿಕ ಶಿಕ್ಷಣದ ದೊಡ್ಡ ದೊಡ್ಡ ಮೇಡಂಗಳೇ ವಾದಿಸುತ್ತಿದ್ದ ಕಾಲ ಅದು. ಹೀಗಾಗಿ ಫಿಲಡೆಲ್ಫಿಯಾದ ಚರ್ಚ್ ಶಾಲೆಗಳಿಂದ ಬಂದ ಹುಡುಗಿ ಕಾಲೇಜು ಸೇರುವ ಹೊತ್ತಿಗೆ ಬೇರೆಯವರಿಗಿಂತ ಏಳೆಂಟು ವರ್ಷ ಮುಂದಿರುತ್ತಿದ್ದಳು. ಮನೆಯಿಂದ ಓಡಾಡಿಕೊಂಡು ಓದಬಹುದು, ಕಲಿಸಿದ ಸಿಸ್ಟರ್‌ಗಳೇ ಅಲ್ಲಿದ್ದಾರೆ. ಆಮೇಲೆ ತಂಡದ ಬೆನ್ನೆಲುಬಾದ ಸೆಂಟರ್, ಅಂದ್ರೆ ಬಾಸ್ಕೆಟ್ ಹತ್ತಿರ ಆಡುವ ಆಟಗಾರ್ತಿ, ತೆರೇಸಾ ಶ್ಯಾಂಕ್ ಹಾಗೆ ಬಂದವಳು. ಅವಳು ಬೇರೆ ಕಾಲೇಜಿಗೆ ಹೋಗಬೇಕಿತ್ತು. ಮನೆ ಬೆಂಕಿಗೆ ಸುಟ್ಟು ಹೋಯಿತು. ಕುಟುಂಬದ ಹತ್ತಿರವೇ ಇರೋಣ ಅಂತ ಇಮ್ಯಾಕ್ಯುಲೇಟಾ ಸೇರಿದಳು.

ಬೆಂಕಿ ಕಾಲೇಜನ್ನೂ ಬಿಟ್ಟಿರಲಿಲ್ಲ. ಅವರ ಫೀಲ್ಡ್ ಹೌಸ್, ಅಂದ್ರೆ ಒಳಾಂಗಣ ಆಟದ ಕಟ್ಟಡ, 1967ರಲ್ಲೇ ಸುಟ್ಟು ಹೋಗಿತ್ತು. ಆಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಜಾಗ ಕೇಳಿಕೊಂಡು ಅಭ್ಯಾಸ.

ಇಂಥ ಕಾಲೇಜಿಗೆ 1970ರಲ್ಲಿ ಕೋಚ್ ಆಗಿ ಬಂದವರು ಕ್ಯಾಥಿ ರಶ್. ವಯಸ್ಸು ಇಪ್ಪತ್ತಮೂರರ ಆಸುಪಾಸು. ಇಡೀ ಸೀಸನ್‌ಗೆ ಸಂಬಳ 450 ಡಾಲರ್. ತಿಂಗಳಿಗಲ್ಲ, ಸೀಸನ್‌ಗೆ! ಅವರ ಗಂಡ ಎಡ್ ರಶ್ ಗಂಡಸರ ವೃತ್ತಿಪರ ಲೀಗು ಎನ್‌ಬಿಎಯಲ್ಲಿ ರೆಫರಿ. ಮನೆಯಲ್ಲಿ ಊಟದ ಹೊತ್ತಿಗೂ ಬಾಸ್ಕೆಟ್‌ಬಾಲ್ ಮಾತೇ ಇದ್ದಿರಬೇಕು. ಗಂಡಸರ ತಂಡಗಳು ಏನು ಮಾಡುತ್ತವೆ ಅಂತ ನೋಡಿ, ಅದನ್ನೇ ಹುಡುಗಿಯರಿಗೆ ಕಲಿಸಿದರು. ಮೊದಲ ಸೀಸನ್‌ನಲ್ಲೇ 10 ಗೆಲುವು, 2 ಸೋಲು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಯಾಕಂದ್ರೆ ಪವಾಡದ ಕಥೆ ಹೇಳುವವರು ನಿಯಮ ಬದಲಾದ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೂ ಹಿಂದೆ ಮಹಿಳೆಯರ ಆಟದಲ್ಲಿ ಒಂದು ತಂಡಕ್ಕೆ ಆರು ಜನ. ಅವರಲ್ಲಿ ಇಬ್ಬರು ಮಾತ್ರ ಇಡೀ ಅಂಗಳ ಓಡಬಹುದಿತ್ತು. ಉಳಿದವರು ತಮ್ಮ ತಮ್ಮ ಅರ್ಧ ಬಿಟ್ಟು ಕದಲುವ ಹಾಗಿಲ್ಲ. 1971ರಲ್ಲಿ ಇದು ಹೋಯಿತು. ಐದು ಜನ, ಇಡೀ ಅಂಗಳ, ಬಾಲ್ ಸಿಕ್ಕಿದ 30 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. (ಗಂಡಸರ ಕಾಲೇಜು ಆಟಕ್ಕೆ ದೇಶಾದ್ಯಂತ ಶಾಟ್ ಕ್ಲಾಕ್ ಬಂದದ್ದು 1985ರಲ್ಲಿ. ಈ ವಿಷಯ ಹೇಳಿದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ.)

ಈಗ ನೀವೇ ಯೋಚನೆ ಮಾಡಿ. ಮೊನ್ನೆ ಮೊನ್ನೆವರೆಗೆ ಅರ್ಧ ಅಂಗಳದಲ್ಲಿ ನಿಂತು ಆಡಿದ ಹುಡುಗಿ ಬೇಸ್‌ಲೈನ್ ಹತ್ತಿರ ಬಾಲ್ ಹಿಡಿದು ನಿಂತಿದ್ದಾಳೆ. ಅಲ್ಲೇ ಇಬ್ಬರು ಬಂದು ಮುತ್ತುತ್ತಾರೆ. ಕೈ ಮೇಲೆತ್ತಿ ಕಣ್ಣಿಗೆ ಅಡ್ಡ ಹಿಡಿಯುತ್ತಾರೆ. ಸೈಡ್‌ಲೈನ್ ಕಡೆಗೆ ತಳ್ಳಿಕೊಂಡು ಹೋಗುತ್ತಾರೆ. ಮೂರನೆಯವಳು ಪಾಸ್ ಬರುವ ದಾರಿಯಲ್ಲಿ ಕಾದು ನಿಂತಿರುತ್ತಾಳೆ. ಇದೇ ಫುಲ್ ಕೋರ್ಟ್ ಪ್ರೆಸ್. ಇದರಿಂದ ತಪ್ಪಿಸಿಕೊಳ್ಳೋಕೆ ಎರಡೂ ಕೈಯಲ್ಲಿ ಡ್ರಿಬಲ್ ಬರಬೇಕು, ತಲೆ ಎತ್ತಿ ನೋಡುವ ಅಭ್ಯಾಸ ಇರಬೇಕು, ಗಾಬರಿ ಆಗಬಾರದು. ಇದು ಒಂದು ವಾರದಲ್ಲಿ ಬರುವ ವಿದ್ಯೆ ಅಲ್ಲ. ಬಾಲ್ ಕಳೆದುಕೊಳ್ಳದೆ ಹೇಗೋ ಮಧ್ಯದ ಗೆರೆ ದಾಟಿದರೂ ಅಷ್ಟರಲ್ಲಿ 30ರಲ್ಲಿ ಹತ್ತು ಹನ್ನೆರಡು ಸೆಕೆಂಡ್ ಮುಗಿದಿರುತ್ತದೆ. ನಾನು ಚಿಕ್ಕ ಮಕ್ಕಳಿಗೆ ಪ್ರೆಸ್ ಕಲಿಸುವಾಗ ಮೊದಲ ದಿನ ಪಾಸ್‌ಗಳು ಗೋಡೆಗೆ ಹೋಗಿ ಬೀಳುತ್ತವೆ. ಎಪ್ಪತ್ತರ ದಶಕದ ಶುರುವಿನಲ್ಲಿ ಎಷ್ಟೋ ಕಾಲೇಜು ತಂಡಗಳ ಪಾಡು ಅದೇ ಇದ್ದಿರಬೇಕು ಅಂತ ನನ್ನ ಅಂದಾಜು.

ನಿಯಮ ಬದಲಾದಾಗ ಅದನ್ನು ಬಳಸಿಕೊಳ್ಳುವ ಕೋಚ್ ಇದ್ದರು, ಚಿಕ್ಕಂದಿನಿಂದ ಬಾಲ್ ಹಿಡಿದು ಪಳಗಿದ ಹುಡುಗಿಯರೂ ಇದ್ದರು. ಸಾವಿರಾರು ವಿದ್ಯಾರ್ಥಿನಿಯರಿದ್ದ ಯೂನಿವರ್ಸಿಟಿಗಳಲ್ಲಿ ಈ ಎರಡೂ ಒಟ್ಟಿಗೆ ಇರಲಿಲ್ಲ.

ಇಷ್ಟಿದ್ದರೂ 1972ರ ಮಾರ್ಚ್‌ನಲ್ಲಿ ಇವರು ಗೆಲ್ಲುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಪ್ರಾಂತ್ಯದ ಫೈನಲ್‌ನಲ್ಲಿ ಪಕ್ಕದ ವೆಸ್ಟ್ ಚೆಸ್ಟರ್ ಸ್ಟೇಟ್ ಇವರನ್ನು 32 ಪಾಯಿಂಟ್‌ನಿಂದ ಹೊಡೆದುಹಾಕಿತ್ತು, 70-38. ವೆಸ್ಟ್ ಚೆಸ್ಟರ್ ಅಂದ್ರೆ ಕ್ಯಾಥಿ ರಶ್ ಓದಿದ ಕಾಲೇಜೇ. 1969ರ ಮೊದಲ ಆಹ್ವಾನಿತ ಟೂರ್ನಿ ನಡೆಸಿ ಗೆದ್ದದ್ದೂ ಅವರೇ. ಹೇಗೋ ರಾಷ್ಟ್ರೀಯ ಟೂರ್ನಿಗೆ ಇಮ್ಯಾಕ್ಯುಲೇಟಾಕ್ಕೂ ಜಾಗ ಸಿಕ್ಕಿತು. 16 ತಂಡಗಳಲ್ಲಿ 15ನೇ ಸ್ಥಾನ.

ಟೂರ್ನಿ ಇದ್ದದ್ದು ಇಲಿನಾಯ್ಸ್‌ನ ನಾರ್ಮಲ್ ಎಂಬ ಊರಲ್ಲಿ. ಹೋಗೋಕೆ ದುಡ್ಡಿಲ್ಲ. ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿ ಒಂದಿಷ್ಟು ಸೇರಿಸಿದರು. ಅವರಿವರು ಕೈಲಾದಷ್ಟು ಕೊಟ್ಟರು. ಎಷ್ಟು ಸೇರಿತೋ ಅಷ್ಟರಲ್ಲಿ ಎಂಟು ಆಟಗಾರ್ತಿಯರು ಮಾತ್ರ ಹೋಗೋಕೆ ಆಯಿತು, ಉಳಿದವರು ಮನೆಯಲ್ಲೇ ಇರಬೇಕಾಯಿತು. ವಿಮಾನದಲ್ಲೂ ಸೀಟು ಖಾಲಿ ಇದ್ದರೆ ಹತ್ತಿಸಿಕೊಳ್ಳುವ ಸ್ಟ್ಯಾಂಡ್‌ಬೈ ಟಿಕೆಟ್.

ಅಲ್ಲಿ ನಾಲ್ಕು ಪಂದ್ಯ. ಸೌತ್ ಡಕೋಟಾ ಸ್ಟೇಟ್ ಮೇಲೆ 60-47. ಇಂಡಿಯಾನಾ ಸ್ಟೇಟ್ ಮೇಲೆ 49-47. ಹಿಂದಿನ ವರ್ಷದ ಚಾಂಪಿಯನ್ ಮಿಸ್ಸಿಸ್ಸಿಪ್ಪಿ ಸ್ಟೇಟ್ ಕಾಲೇಜ್ ಫಾರ್ ವಿಮೆನ್ ಮೇಲೆ 46-43. ಫೈನಲ್‌ನಲ್ಲಿ ಎದುರಿಗೆ ಯಾರು? ಅದೇ ವೆಸ್ಟ್ ಚೆಸ್ಟರ್. ಎಂಟು ಜನರಲ್ಲಿ ಇಬ್ಬರಿಗೆ ಫೌಲ್ ತುಂಬಿದರೆ ಬೆಂಚ್ ಮೇಲೆ ಉಳಿಯುವುದು ಒಬ್ಬಳೇ. ಅಂಥ ಸ್ಥಿತಿಯಲ್ಲಿ, ಕೆಲವೇ ದಿನಗಳ ಹಿಂದೆ 32 ಪಾಯಿಂಟ್‌ನಿಂದ ಸೋಲಿಸಿದ್ದ ತಂಡವನ್ನು 52-48ರಿಂದ ಗೆದ್ದರು. ಸ್ಕೋರುಗಳನ್ನು ಮತ್ತೊಮ್ಮೆ ನೋಡಿ. ಎದುರಾಳಿಗಳು ನಾಲ್ಕು ಪಂದ್ಯದಲ್ಲಿ ಒಮ್ಮೆಯೂ 50 ದಾಟಿಲ್ಲ. ಡಿಫೆನ್ಸ್ ಆಡಿಯೇ ಗೆದ್ದ ಟೂರ್ನಿ ಅದು.

ಆಗಿನ ಫೋಟೋ ಸಿಕ್ಕಿದರೆ ಬಟ್ಟೆ ಗಮನಿಸಿ. ಈಗಿನ ಜೆರ್ಸಿ, ಶಾರ್ಟ್ಸ್ ಅಲ್ಲ. ನೀಲಿ ಉಣ್ಣೆಯ ಲಂಗದಂಥ ಟ್ಯೂನಿಕ್, ಒಳಗೆ ಬಿಳಿ ಬ್ಲೌಸ್. ಉಣ್ಣೆ ಬಟ್ಟೆಯಲ್ಲಿ ಇಡೀ ಅಂಗಳ ಪ್ರೆಸ್ ಮಾಡುವುದು ಅಂದ್ರೆ ಏನು ಅಂತ ಆಡಿದವರಿಗೇ ಗೊತ್ತು.

ಮರು ವರ್ಷ ಪಾಯಿಂಟ್ ಗಾರ್ಡ್, ಅಂದ್ರೆ ಬಾಲ್ ತಂದು ಆಟ ನಡೆಸುವವಳು, ಮೇರಿಯಾನ್ ಕ್ರಾಫರ್ಡ್ ಸೇರಿದಳು. ಗಾರ್ಡ್ ಸಿಕ್ಕಿದ ಮೇಲೆ ತಂಡ ಸಂಪೂರ್ಣವಾಯಿತು. ಆ ಸೀಸನ್‌ನಲ್ಲಿ ಒಂದೂ ಸೋಲಿಲ್ಲ, 20-0. ಫೈನಲ್‌ನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜನ್ನು ಅವರದೇ ಅಂಗಳದಲ್ಲಿ 59-52ರಿಂದ ಸೋಲಿಸಿದರು. 1974ರಲ್ಲಿ ಮಿಸ್ಸಿಸ್ಸಿಪ್ಪಿ ಕಾಲೇಜ್ ವಿರುದ್ಧ 68-53. ಅಷ್ಟೊತ್ತಿಗೆ ಪತ್ರಿಕೆಗಳಲ್ಲಿ ಇವರ ಹೆಸರು ಮೈಟಿ ಮ್ಯಾಕ್ಸ್.

1975ರಲ್ಲಿ ಎರಡು ದೊಡ್ಡ ಸಂಗತಿ ನಡೆದವು, ಎರಡೂ ಒಂದೇ ತಿಂಗಳ ಅಂತರದಲ್ಲಿ. ಜನವರಿ 26ರಂದು ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಆಡಿದ ಪಂದ್ಯ ದೇಶಾದ್ಯಂತ ಟಿವಿಯಲ್ಲಿ ಬಂತು. ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ಗೆ ಅದು ಮೊದಲ ಸಲ. ಇಮ್ಯಾಕ್ಯುಲೇಟಾ 80, ಮೇರಿಲ್ಯಾಂಡ್ 48. ಫೆಬ್ರವರಿ 22ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮತ್ತೆ ಕ್ವೀನ್ಸ್ ವಿರುದ್ಧ. ಅಲ್ಲಿ ಮಹಿಳಾ ಕಾಲೇಜು ತಂಡಗಳು ಆಡಿದ್ದು ಅದೇ ಮೊದಲು. 11,969 ಜನ ಬಂದಿದ್ದರು. ಇಮ್ಯಾಕ್ಯುಲೇಟಾ 65-61ರಿಂದ ಗೆದ್ದಿತು. ಇಲ್ಲೊಂದು ಮಾತು. ಮೇರಿಲ್ಯಾಂಡ್‌ನಂಥ ದೊಡ್ಡ ಸರ್ಕಾರಿ ಯೂನಿವರ್ಸಿಟಿಯನ್ನು ಪುಟ್ಟ ಕಾಲೇಜು 32 ಪಾಯಿಂಟ್‌ನಿಂದ ಸೋಲಿಸಬಲ್ಲ ಕಾಲ ಅದು. ಆ ಕಾಲ ಆಗಲೇ ಮುಗಿಯುತ್ತಾ ಬಂದಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಹೆಸರು ಯಾಕೆ ಮರೆಯಾಯಿತು?

ಮೊದಲ ಪ್ರಶಸ್ತಿ ಗೆದ್ದ ಮೂರು ತಿಂಗಳಿಗೆ, 1972ರ ಜೂನ್ 23ರಂದು, ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡುವ ಹಾಗಿಲ್ಲ ಅನ್ನುವುದು ಅದರ ತಿರುಳು. ಕಾನೂನಿನಲ್ಲಿ ಕ್ರೀಡೆ ಅನ್ನುವ ಪದವೇ ಇಲ್ಲ. ಆದರೂ ಅದರ ಬಿಸಿ ಜಾಸ್ತಿ ತಟ್ಟಿದ್ದು ಕ್ರೀಡೆಗೆ. ಜೊತೆಗೆ, ಎಐಎಡಬ್ಲ್ಯೂ ಶುರುವಿನಲ್ಲಿ ಆಟಗಾರ್ತಿಯರಿಗೆ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದನ್ನೇ ನಿಷೇಧಿಸಿತ್ತು. ಗಂಡಸರ ಆಟದ ಕೊಳಕು ನಮಗೆ ಬೇಡ ಅನ್ನುವುದು ಅವರ ಯೋಚನೆ. ಇದು ಕೋರ್ಟಿಗೆ ಹೋಯಿತು. 1973ರಲ್ಲಿ ನಿಷೇಧ ತೆಗೆದುಹಾಕಿದರು.

ಸ್ಕಾಲರ್‌ಶಿಪ್ ಇಲ್ಲದಿರುವಾಗ ಹುಡುಗಿ ಮನೆ ಹತ್ತಿರದ ಕಾಲೇಜು ನೋಡುತ್ತಾಳೆ. ಫಿಲಡೆಲ್ಫಿಯಾದ ಸಿವೈಒ ಹುಡುಗಿಯರು ಇಮ್ಯಾಕ್ಯುಲೇಟಾಕ್ಕೆ ಬಂದದ್ದು ಹಾಗೆ. ಸ್ಕಾಲರ್‌ಶಿಪ್ ಬಂದ ಮೇಲೆ ಲೆಕ್ಕ ಬೇರೆ ಆಗುತ್ತದೆ. ದೂರದ ಯೂನಿವರ್ಸಿಟಿ ಫೀಸು, ಊಟ, ವಸತಿ ಎಲ್ಲ ಕೊಡುತ್ತೇನೆ ಅಂದ್ರೆ ಯಾವ ಅಪ್ಪ ಅಮ್ಮ ಬೇಡ ಅಂತಾರೆ? ಸಿಸ್ಟರ್‌ಗಳು ನಡೆಸುವ, ಫೀಸಿನ ಮೇಲೆ ನಿಂತ ಕಾಲೇಜಿಗೆ ಆ ಪೈಪೋಟಿ ಸಾಧ್ಯವೇ ಇರಲಿಲ್ಲ. ಹೆಣ್ಣುಮಕ್ಕಳ ಆಟಕ್ಕೆ ಬಾಗಿಲು ತೆರೆದ ಕಾನೂನು ಆ ಬಾಗಿಲನ್ನು ಮೊದಲು ತಟ್ಟಿದವರನ್ನೇ ಪಕ್ಕಕ್ಕೆ ಸರಿಸಿತು. ಇದಕ್ಕೆ ಕಾನೂನನ್ನು ಬೈಯುವುದು ತಪ್ಪು. ನಷ್ಟ ಆಗಿಲ್ಲ ಅಂತ ಹೇಳುವುದೂ ತಪ್ಪು.

ಆದರೆ ಇವರನ್ನು ಮೊದಲು ಕೆಳಗಿಳಿಸಿದ್ದು ದೊಡ್ಡ ಯೂನಿವರ್ಸಿಟಿ ಅಲ್ಲ. ಮಿಸ್ಸಿಸ್ಸಿಪ್ಪಿಯ ಹತ್ತಿ ಬೆಳೆಯುವ ಬಯಲಿನ, ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಊರಿನ ಡೆಲ್ಟಾ ಸ್ಟೇಟ್. ಕೋಚ್ ಮಾರ್ಗರೆಟ್ ವೇಡ್, ತಾನೇ ಅಲ್ಲಿ ಓದುವಾಗ ಹುಡುಗಿಯರ ತಂಡವನ್ನು ಮುಚ್ಚಿದ್ದನ್ನು ಕಂಡವರು. ನಲವತ್ತು ವರ್ಷದ ಮೇಲೆ, 1973ರಲ್ಲಿ, ತಂಡ ಮತ್ತೆ ಶುರುವಾದಾಗ ಕೋಚ್ ಆಗಿ ಬಂದರು. ಅವರ ಹತ್ತಿರ ಆರಡಿ ಮೂರಂಗುಲದ ಲೂಸಿಯಾ ಹ್ಯಾರಿಸ್ ಇದ್ದಳು. ಮುಂದೆ ಒಲಿಂಪಿಕ್ಸ್ ಮಹಿಳಾ ಬಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ಪಾಯಿಂಟ್ ಗಳಿಸಿದವಳು. ಬಾಸ್ಕೆಟ್ ಕೆಳಗೆ ಅವಳ ಕೈಗೆ ಬಾಲ್ ಮುಟ್ಟಿದರೆ ಯಾವ ಪ್ರೆಸ್ ಇಟ್ಟುಕೊಂಡು ಏನು ಮಾಡೋದು! 1975ರ ಫೈನಲ್‌ನಲ್ಲಿ ಡೆಲ್ಟಾ ಸ್ಟೇಟ್ 90-81. 1976ರಲ್ಲಿ ಮತ್ತೆ ಅದೇ ಎರಡು ತಂಡ, ಡೆಲ್ಟಾ ಸ್ಟೇಟ್ 69-64. 1977ರಲ್ಲಿ ಇಮ್ಯಾಕ್ಯುಲೇಟಾ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಕ್ಯಾಥಿ ರಶ್ ಅಲ್ಲಿಗೆ ಬಿಟ್ಟರು. ಏಳು ಸೀಸನ್, 149 ಗೆಲುವು, 15 ಸೋಲು. ಮರು ವರ್ಷ ಗೆದ್ದದ್ದು ಯುಸಿಎಲ್ಎ. ಅಲ್ಲಿಗೆ ದೊಡ್ಡವರ ಕಾಲ ಶುರು.

ಹಾಗಂತ ಇಮ್ಯಾಕ್ಯುಲೇಟಾದ ಕಥೆ 1977ಕ್ಕೆ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಐಎಡಬ್ಲ್ಯೂ ಟೂರ್ನಿ 1972ರಿಂದ 1982ರವರೆಗೆ ನಡೆಯಿತು, ಒಟ್ಟು 11 ಪ್ರಶಸ್ತಿ. ಮೂರು ಇಮ್ಯಾಕ್ಯುಲೇಟಾದ್ದು. 1979 ಮತ್ತು 1980ರದ್ದು ವರ್ಜೀನಿಯಾದ ಓಲ್ಡ್ ಡೊಮಿನಿಯನ್‌ಗೆ. ಅಲ್ಲಿಯ ಸ್ಟಾರ್ ನ್ಯಾನ್ಸಿ ಲೀಬರ್‌ಮನ್, ಕೋಚ್ ಯಾರು ಗೊತ್ತಾ? ಮೇರಿಯಾನ್ ಸ್ಟಾನ್ಲಿ, ಅಂದ್ರೆ ನಮ್ಮ ಪಾಯಿಂಟ್ ಗಾರ್ಡ್ ಮೇರಿಯಾನ್ ಕ್ರಾಫರ್ಡ್. 1982ರ ಕೊನೆಯ ಪ್ರಶಸ್ತಿ ರಟ್ಗರ್ಸ್‌ಗೆ. ಕೋಚ್ ತೆರೇಸಾ ಗ್ರೆಂಟ್ಜ್, ಅಂದ್ರೆ ತೆರೇಸಾ ಶ್ಯಾಂಕ್. ಆ ಫೈನಲ್ ನಡೆದದ್ದು ಫಿಲಡೆಲ್ಫಿಯಾದಲ್ಲೇ, ಪ್ಯಾಲೆಸ್ಟ್ರಾ ಅಂಗಳದಲ್ಲಿ. ಹನ್ನೊಂದರಲ್ಲಿ ಆರು ಪ್ರಶಸ್ತಿ ಒಂದೇ ಮನೆಯವರದ್ದು. ಕಾಲೇಜು ಕ್ರೀಡೆಗಳ ದೊಡ್ಡ ಸಂಘ ಎನ್‌ಸಿಎಎ ಮಹಿಳಾ ಟೂರ್ನಿ ಶುರು ಮಾಡಿದ ಮೇಲೆ, 1985ರಲ್ಲಿ, ಸ್ಟಾನ್ಲಿಯ ಓಲ್ಡ್ ಡೊಮಿನಿಯನ್ ಅದನ್ನೂ ಗೆದ್ದಿತು.

ಇನ್ನೂ ಒಂದು ಕೊಂಡಿ ಇದೆ. ತೆರೇಸಾ ರಟ್ಗರ್ಸ್‌ಗೆ ಹೋಗುವ ಮುಂಚೆ ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್‌ನಲ್ಲಿ ಕೋಚ್. ಆಮೇಲೆ ಅಲ್ಲಿಗೆ ಬಂದವರು ಇಮ್ಯಾಕ್ಯುಲೇಟಾದ ಮತ್ತೊಬ್ಬ ಆಟಗಾರ್ತಿ ರೆನೆ ಪೋರ್ಟ್‌ಲ್ಯಾಂಡ್. ಇವರಿಬ್ಬರ ಕೈಕೆಳಗೆ ಆಡಿದ ಮಫೆಟ್ ಮೆಕ್‌ಗ್ರಾ ಮುಂದೆ ನೋಟರ್ ಡೇಮ್‌ಗೆ 2001 ಮತ್ತು 2018ರಲ್ಲಿ ಪ್ರಶಸ್ತಿ ತಂದುಕೊಟ್ಟರು. ನೀವು ಟಿವಿಯಲ್ಲಿ ನೋಡುವ ದೊಡ್ಡ ಯೂನಿವರ್ಸಿಟಿಗಳ ಆಟದಲ್ಲಿ ಈ ಪುಟ್ಟ ಕಾಲೇಜಿನ ಪಾಠ ಸೇರಿಕೊಂಡಿರುವುದು ಹೀಗೆ.

ಎಲ್ಲವೂ ಹೆಮ್ಮೆಪಡುವ ಸಂಗತಿಯೇ ಅಲ್ಲ. ರೆನೆ ಪೋರ್ಟ್‌ಲ್ಯಾಂಡ್ ಪೆನ್ ಸ್ಟೇಟ್‌ನಲ್ಲಿ 1980ರಿಂದ ಕೋಚ್ ಆಗಿದ್ದರು. ಸಲಿಂಗಿ ಆಟಗಾರ್ತಿಯರಿಗೆ ತನ್ನ ತಂಡದಲ್ಲಿ ಜಾಗ ಇಲ್ಲ ಅಂತ ಪತ್ರಿಕೆಯ ಮುಂದೆಯೇ ಹೇಳಿದ್ದರು. ಒಬ್ಬ ಆಟಗಾರ್ತಿ ಕೋರ್ಟಿಗೆ ಹೋದಳು, 2007ರಲ್ಲಿ ರಾಜಿ ಆಯಿತು, ಅದೇ ವರ್ಷ ಪೋರ್ಟ್‌ಲ್ಯಾಂಡ್ ರಾಜೀನಾಮೆ ಕೊಟ್ಟರು. ಹೊಗಳುವ ಬರಹಗಳಲ್ಲಿ ಈ ಭಾಗ ಕಾಣೆಯಾಗುತ್ತದೆ. ಮೇರಿಯಾನ್ ಸ್ಟಾನ್ಲಿಯದು ಬೇರೆ ಥರದ ಜಗಳ. 1993ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿದ್ದಾಗ, ಗಂಡಸರ ತಂಡದ ಕೋಚ್‌ಗೆ ಎಷ್ಟೋ ನನಗೂ ಅಷ್ಟೇ ಸಂಬಳ ಕೊಡಿ ಅಂತ ಕೇಸ್ ಹಾಕಿದರು. ಸೋತರು. ತನ್ನ ಕೋಚ್‌ಗೆ 450 ಡಾಲರ್ ಸಿಕ್ಕಿದ್ದನ್ನು ಕಂಡವಳು ಸುಮ್ನೆ ಕೂರಲಿಲ್ಲ ಅನ್ನುವುದು ನನಗೆ ಇಷ್ಟವಾಗುತ್ತದೆ.

ಕಾಲೇಜು ಈಗಲೂ ಇದೆ. 2002ರಲ್ಲಿ ಯೂನಿವರ್ಸಿಟಿ ಆಯಿತು, 2005ರಿಂದ ಹುಡುಗರೂ ಓದುತ್ತಾರೆ. ಮಹಿಳಾ ತಂಡ ಎನ್‌ಸಿಎಎಯ ಮೂರನೇ ಡಿವಿಷನ್‌ನಲ್ಲಿ ಆಡುತ್ತದೆ. ಆ ಡಿವಿಷನ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಒಂದು ಥರದಲ್ಲಿ 1972ರ ಸ್ಥಿತಿಗೇ ವಾಪಸ್ ಬಂದ ಹಾಗೆ, ಆದರೆ ಈಗ ಮೇಲೆ ಇನ್ನೆರಡು ಮಹಡಿ ಎದ್ದಿವೆ. ಕ್ಯಾಥಿ ರಶ್ 2008ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿದರು. 1972ರಿಂದ 74ರ ತಂಡ ಇಡಿಯಾಗಿ 2014ರಲ್ಲಿ, ತೆರೇಸಾ ಮತ್ತು ಮೇರಿಯಾನ್ 2022ರಲ್ಲಿ.

ಬಕೆಟ್ ವಿಷಯ ಬಾಕಿ ಉಳಿಯಿತು. ಅದು ನಿಜ. ರೆನೆಯ ಅಪ್ಪನದು ಹಾರ್ಡ್‌ವೇರ್ ಅಂಗಡಿ. ಅಂಗಡಿಯಿಂದ ತಗಡಿನ ಬಕೆಟ್ಟು, ಮರದ ಕೋಲು ತಂದು ಹಂಚುತ್ತಿದ್ದರು. ನಿಲುವಂಗಿ ತೊಟ್ಟ ಸಿಸ್ಟರ್‌ಗಳು ಸಾಲಾಗಿ ಕೂತು ಅದನ್ನು ಬಡಿಯುತ್ತಿದ್ದರು. ಮುಚ್ಚಿದ ಕಟ್ಟಡದೊಳಗೆ ತಗಡಿನ ಸದ್ದು ಹೇಗಿರುತ್ತದೆ ಅಂತ ಗೊತ್ತಲ್ಲ. ಎದುರಾಳಿ ಕೋಚ್ ಬೆಂಚಿನಿಂದ ಕೂಗಿದ್ದು ಬಾಲ್ ಹಿಡಿದ ಹುಡುಗಿಗೆ ಕೇಳಿಸಲೇ ಇಲ್ಲ ಅಂದ್ರೆ, ಅದೂ ಒಂದು ಥರ ಫುಲ್ ಕೋರ್ಟ್ ಪ್ರೆಸ್ಸೇ ಅಲ್ವಾ?